ಜಾಕೆಟ್ಟಿನ ಕ್ರಯ, ಮೊಣಕೈಯ ಕ್ರಯ

ಕಳೆದ ತಿಂಗಳು ಬಿ.ಸಿ. ರೋಡಿನ ಒಂದು ಅಂಗಡಿಯಲ್ಲಿ, ಹೆಲ್ಮೆಟ್ಟಿನ ಗಾಜು ಬದಲಾಯಿಸಲೆಂದು ನಾವು ನಿಂತಿದ್ದೆವು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಸಹೋದರಿಯೊಬ್ಬರು ಬೈಕ್ ಸವಾರರ ಜಾಕೆಟ್ಟೊಂದನ್ನು ಎತ್ತಿಕೊಂಡು, ಒಳಗು ಹೊರಗು ಮಾಡಿ ನೋಡುತ್ತಿದ್ದರು. ಅಲ್ಲಿಯೇ ಇದ್ದ ಗೃಹಸ್ಥರೊಬ್ಬರು, ಕಾರಿನ ಕೀಲಿಯನ್ನು ಬೆರಳಿನಲ್ಲಿ ಗಿರಕಿ ಹೊಡೆಸುತ್ತ ನಕ್ಕು ಹೇಳಿದರು: “ಇದೆಲ್ಲ ಲಡಾಕಿಗೆ ಹೋಗುವವರು ಹಾಕುದು ಅಕ್ಕಾ. ಬೀಜದ ಫ್ಯಾಕ್ಟರಿಗೆ ಹೋಗ್ಲಿಕ್ಕೆ ಇದು ಯಾಕೆ?” ಆಕೆ ಮಾತಾಡಲಿಲ್ಲ. ಜಾಕೆಟ್ಟನ್ನು ಇದ್ದಲ್ಲಿಯೇ ಇಟ್ಟು ಮೆಟ್ಟಿಲಿಳಿದು ಹೋದರು.

ಆ ಗೃಹಸ್ಥರಿಗೆ ಅಂದು ನಾವೂ ಉತ್ತರ ಕೊಡಲಿಲ್ಲ. ಸಮಯಕ್ಕೆ ಸರಿಯಾಗಿ ಮಾತು ಹೊರಡದೆ ಮರುದಿನ ಹೊರಡುವುದು ಮಾಸ್ತರಿಕೆ ಬಿಟ್ಟರೂ ನಮ್ಮನ್ನು ಬಿಡದ ದೋಷ. ಈ ವಾರ ಕೊಡುತ್ತಿದ್ದೇವೆ.

ಮೊದಲು ಲೆಕ್ಕ. ಲಡಾಕಿಗೆ ಹೋಗುವವನು ಜೀವಮಾನದಲ್ಲಿ ಒಮ್ಮೆ ಹೋಗುತ್ತಾನೆ, ಮಳೆ ನೋಡಿ, ರಜೆ ನೋಡಿ, ಜೊತೆ ನೋಡಿ ಹೋಗುತ್ತಾನೆ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ನಡುವೆ ಪಾಳಿಗೆ ಹೋಗುವವನಿಗೆ ಈ ಯಾವ ಆಯ್ಕೆಯೂ ಇಲ್ಲ. ಬೆಳಗಿನ ಪಾಳಿಗೆ ಸರಿಯಾಗಿ ಬಸ್ಸಿಲ್ಲ, ರಾತ್ರಿಯ ಪಾಳಿ ಬಿಟ್ಟ ಮೇಲೆ ಬಸ್ಸೇ ಇಲ್ಲ. ಕಂತಿನಲ್ಲಿ ತೆಗೆದ ಬೈಕೋ ಸ್ಕೂಟರೋ ಅವನ ಕಾಲು. ದಿನಕ್ಕೆ ಹೋಗಿ ಬಂದು 50 ಕಿಲೋಮೀಟರ್ ಓಡಿಸುವವನು, ವರ್ಷಕ್ಕೆ 280 ದಿನ ಕೆಲಸವೆಂದರೆ, 14,000 ಕಿಲೋಮೀಟರ್ ಓಡಿಸಿದಂತಾಯಿತು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ಮರಳಿ ಬಂದರೂ ಅಷ್ಟಾಗುವುದಿಲ್ಲ. ಅದೂ ಎಂಥ ದಾರಿ? ಒಂದು ಕಡೆ ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ, ಮಡಂತ್ಯಾರು ದಾಟಿ ಬರುವ ಲಾರಿಗಳ ಹೆದ್ದಾರಿ; ಇನ್ನೊಂದು ಕಡೆ ಸಿದ್ಧಕಟ್ಟೆಯ, ವೇಣೂರಿನ ತಿರುವುಗಳು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ. ಹೀಗಿರುತ್ತ ಜಾಕೆಟ್ಟು ಯಾರಿಗೆ ಬೇಕು, ಯಾರಿಗೆ ಬೇಡ?

ಕೇಂದ್ರ ಸರ್ಕಾರದ ಸಾರಿಗೆ ಖಾತೆಯೇ ಕೊಟ್ಟ ಲೆಕ್ಕವುಂಟು. 2022ನೆಯ ಇಸವಿಯೊಂದರಲ್ಲೇ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಸತ್ತವರ ಲೆಕ್ಕವಾದರೂ ಕಾಗದಕ್ಕೆ ಬರುತ್ತದೆ. ಬಿದ್ದು ಕೈ ಮುರಿದು, ಮೂರು ತಿಂಗಳು ಕೂಲಿಯಿಲ್ಲದೆ ಕುಳಿತು, ಹೆಂಡತಿಯ ಬೀಡಿಯ ದುಡ್ಡಿನಲ್ಲಿ ಗಂಜಿ ಕುಡಿದವರ ಲೆಕ್ಕವನ್ನು ಯಾವ ಖಾತೆ ಬರೆದಿಟ್ಟಿದೆ?

ಕಾನೂನಿನ ಕಣ್ಣು ತಲೆಯಿಂದ ಕೆಳಗಿಳಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಶಿರಸ್ತ್ರಾಣದ ಮಾತನ್ನೇ ಹೇಳುತ್ತದೆ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾಡುವುದೂ ಮಾರುವುದೂ ತಪ್ಪು. ಒಳ್ಳೆಯದಾಯಿತು; ತಲೆ ಉಳಿಯದೆ ಮಿಕ್ಕದ್ದು ಉಳಿದು ಪ್ರಯೋಜನವಿಲ್ಲ. ಆದರೆ ಅದೇ ಆಜ್ಞೆ ಜಾಕೆಟ್ಟಿನ ಮಾತೆತ್ತುವುದಿಲ್ಲ. ಹೆಲ್ಮೆಟ್ಟು ಕೊಳ್ಳುವಾಗ ಒಂದು ಗುರುತನ್ನು ಹುಡುಕಿದರೆ ಕೆಲಸವಾಯಿತು. ಜಾಕೆಟ್ಟಿನ ಮುಂದೆ ನಿಂತ ಬಡವನಿಗೆ ಅವನ ಕಣ್ಣು, ಅವನ ಬೆರಳು, ಅಂಗಡಿಯವನ ಬಾಯಿ, ಈ ಮೂರೇ ಗತಿ. ಆ ಬಾಯನ್ನು ನಂಬಿ ಕೆಟ್ಟವರಲ್ಲಿ ನಾವೂ ಒಬ್ಬರು.

ನಾಲ್ಕು ವರ್ಷದ ಹಿಂದಿನ ಆಷಾಢ. ಮೂಡಬಿದಿರೆಯಲ್ಲಿ ಒಂದು ಸಭೆ ಮುಗಿಸಿ ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬರುತ್ತಿದ್ದೆವು. ಒಂದು ತಿರುವಿನಲ್ಲಿ ಮೀನಿನ ಲಾರಿಯ ನೀರು ಚೆಲ್ಲಿತ್ತು. ಆ ನೀರಿನ ಗುಣ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮಳೆಯ ನೀರಿನೊಡನೆ ಕೂಡಿದರೆ ಎಣ್ಣೆಯೇ. ವೇಗ ಮೂವತ್ತೈದನ್ನು ದಾಟಿರಲಾರದು. ಬೈಕು ಒಂದು ಕಡೆ, ನಾವು ಒಂದು ಕಡೆ. ಮೈಮೇಲೆ ಜಾಕೆಟ್ಟಿತ್ತು! 1,800 ರೂಪಾಯಿ ಕೊಟ್ಟು, ಬೆನ್ನಮೇಲೆ ಪರದೇಶದ ಹೆಸರನ್ನು ಹೊತ್ತ, ಭುಜದಲ್ಲಿ ಉಬ್ಬು, ಮೊಣಕೈಯಲ್ಲಿ ಉಬ್ಬು ಇರುವ ಕಪ್ಪು ಜಾಕೆಟ್ಟು. ಅಂಗಡಿಯವರು ಕೊಡುವಾಗ ಹೇಳಿದ್ದರು: “ಹೆದರ್ಬೇಡಿ ಮಾಸ್ಟ್ರೇ, ಇದು ಹಾಕಿ ಬಿದ್ರೆ ಎಂಥದೂ ಆಗುದಿಲ್ಲ.” ಎದ್ದು ನೋಡುತ್ತೇವೆ: ಬಲದ ತೋಳು ಭುಜದಿಂದ ಮೊಣಕೈವರೆಗೆ ಹಲಸಿನ ಹಣ್ಣು ಬಿರಿದಂತೆ ಬಿರಿದಿದೆ. ಮೊಣಕೈಗೆ ಕಾವಲಿರಬೇಕಾದ ಉಬ್ಬು ತಿರುಗಿ ತೋಳಿನ ಒಳಮೈಗೆ ಹೋಗಿ ಸುಖವಾಗಿ ಕುಳಿತಿದೆ. ಡಾಂಬರು ಮುಟ್ಟಿದ್ದು ನಮ್ಮ ಮೂಳೆಯನ್ನು. ಹನ್ನೊಂದು ಹೊಲಿಗೆ, ಇಪ್ಪತ್ತಮೂರು ದಿನ ಮನೆವಾಸ. ಕೈ ಇಂದಿಗೂ ಪೂರ್ತಿ ಮಡಚುವುದಿಲ್ಲ.

ಆ ಜಾಕೆಟ್ಟನ್ನು ಬಿಸಾಡದೆ, ಮೂಡಬಿದಿರೆಯಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ದರ್ಜಿಯೊಬ್ಬರ ಮುಂದಿಟ್ಟೆವು. ಮೂವತ್ತು ವರ್ಷ ಸೂಜಿ ಹಿಡಿದ ಕೈ. ಅವರು ಕನ್ನಡಕ ಏರಿಸಿ, ಹರಿದ ಜಾಗವನ್ನು ಬೆಳಕಿಗೆ ಹಿಡಿದು, ಮೊದಲು ಹೇಳಿದ ಮಾತು ಇದು: “ಬಟ್ಟೆ ಸೋತದ್ದಲ್ಲ ಮಾಸ್ಟ್ರೇ. ದಾರ ಸೋತದ್ದು.”

ಹೌದು. ಬಟ್ಟೆ ಉಜ್ಜಿ ತೂತಾಗಿದ್ದು ಅಂಗೈಯಗಲ ಮಾತ್ರ. ಮಿಕ್ಕಿದ್ದೆಲ್ಲ ಹೊಲಿಗೆ ಬಿಚ್ಚಿಕೊಂಡದ್ದು. ಭುಜದ ಹೊಲಿಗೆ ಒಂದೇ ಸಾಲು, ಸಾಮಾನ್ಯ ಅಂಗಿಗೆ ಹಾಕುವ ದಾರ, ಮಾರ್ಜಿನ್ನೆಂದು ಬಿಟ್ಟ ಬಟ್ಟೆ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಜಾಕೆಟ್ಟಿನ ಹೊಲಿಗೆಯನ್ನು ಹೇಗೆ ಪರೀಕ್ಷಿಸಬೇಕೆಂದು ಅವರು ತೋರಿಸಿದರು. ಹೊಲಿಗೆಯ ಎರಡೂ ಪಕ್ಕದ ಬಟ್ಟೆಯನ್ನು ಎರಡು ಕೈಯ ಹೆಬ್ಬೆರಳಿನಿಂದ ಹಿಡಿದು ಬಿರುಸಾಗಿ ಎಳೆಯಬೇಕು. ಒಳ್ಳೆಯ ಹೊಲಿಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಕೆಟ್ಟದ್ದು ಹಲ್ಲು ಕಿರಿಯುತ್ತದೆ, ಸಂದಿನಲ್ಲಿ ದಾರ ಏಣಿಯ ಮೆಟ್ಟಿಲುಗಳಂತೆ ಕಾಣುತ್ತದೆ. ಭುಜ, ತೋಳಿನ ಹಿಂಬದಿ, ಮೊಣಕೈ, ಬೀಳುವಾಗ ನೆಲ ಮುಟ್ಟುವ ಈ ಜಾಗಗಳಲ್ಲಿ ಎರಡು ಸಾಲಿಗೆ ಕಡಿಮೆಯಿರಕೂಡದು. ಒಂದು ಸಾಲು ಬಟ್ಟೆಯ ಮಡಿಕೆಯೊಳಗೆ ಅಡಗಿದ್ದರೆ ಇನ್ನೂ ಒಳ್ಳೆಯದು, ಹೊರಗಿನದು ಡಾಂಬರಿಗೆ ಉಜ್ಜಿ ಹೋದರೂ ಒಳಗಿನದು ಹಿಡಿದಿರುತ್ತದೆ. ಇದನ್ನು ನೋಡಲು ಕಾಸು ಖರ್ಚಿಲ್ಲ, ಅಂಗಡಿಯವನ ಅಪ್ಪಣೆಯೂ ಬೇಡ.

ಆಮೇಲೆ ಅವರು ಕತ್ತರಿಯಿಂದ ಮೊಣಕೈಯ ಉಬ್ಬನ್ನು ಸೀಳಿದರು. ಆರ್ಮರ್ ಎಂದು ಅಂಗಡಿಯವರು ಕರೆಯುವ, ಪೆಟ್ಟು ತಡೆಯಬೇಕಾದ ತುಂಡು ಅದು. ಒಳಗಿಂದ ಹೊರಬಂದದ್ದು ನಮ್ಮ ಶಾಲೆಯ ಕರಿಹಲಗೆ ಒರಸುತ್ತಿದ್ದ ಡಸ್ಟರಿನ ಸ್ಪಂಜು! ಎರಡು ಬೆರಳಿನ ನಡುವೆ ಒತ್ತಿದರೆ ಬೆರಳು ಬೆರಳನ್ನು ಮುಟ್ಟುತ್ತದೆ. ಬೆನ್ನಿನ ಜೇಬಿನಲ್ಲಿದ್ದದ್ದು ಅದಕ್ಕಿಂತ ತೆಳು ಹಾಳೆ. ಇದನ್ನು ಹಾಕಿಕೊಂಡು ನಾವು ಎರಡು ವರ್ಷ ಧೈರ್ಯದಿಂದ ಓಡಾಡಿದ್ದೆವು. ಜಾಕೆಟ್ಟಿಲ್ಲದವನು ಹೆದರಿಕೊಂಡು ಮೆಲ್ಲಗೆ ಹೋಗುತ್ತಾನೆ. ಸ್ಪಂಜಿನ ಜಾಕೆಟ್ಟಿನವನು ಹೆದರಿಕೆಯನ್ನೂ ಬಿಟ್ಟಿರುತ್ತಾನೆ. ಆದ್ದರಿಂದಲೇ ಇದನ್ನು ಕಳಪೆ ಮಾಲು ಎಂದಷ್ಟೇ ಕರೆಯಲು ನಮಗೆ ಮನಸ್ಸಿಲ್ಲ. ಇದು ಮೋಸ.

ನಿಜವಾದ ಆರ್ಮರ್ ಯಾವುದು? ಯುರೋಪಿನ ದೇಶಗಳಲ್ಲಿ ಇದಕ್ಕೆ ಒಂದು ಪರೀಕ್ಷೆಯನ್ನು ಗೊತ್ತುಮಾಡಿದ್ದಾರೆ. ಇ.ಎನ್. 1621 ಎಂಬುದು ಅದರ ಅಂಕೆ. 5 ಕಿಲೋ ತೂಕದ ಗಟ್ಟಿ ತುಂಡನ್ನು ಸುಮಾರು ಒಂದು ಮೀಟರಿನ ಎತ್ತರದಿಂದ ಬೀಳಿಸಿದಷ್ಟು ಪೆಟ್ಟನ್ನು ಅದರ ಮೇಲೆ ಹೊಡೆದು, ಆಚೆ ಬದಿಗೆ ಎಷ್ಟು ಹಾದುಬಂತೆಂದು ಅಳೆಯುತ್ತಾರೆ. ಭುಜ ಮತ್ತು ಮೊಣಕೈಯ ತುಂಡಿನಲ್ಲಿ ಹಾಗೆ ಹಾದುಬರುವ ಪೆಟ್ಟು ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ 1ನೆಯ ಲೆವೆಲ್, 20 ಮೀರದಿದ್ದರೆ 2ನೆಯ ಲೆವೆಲ್. ಬೆನ್ನಿಗೆ ಇನ್ನೂ ಬಿಗಿ: 18 ಮತ್ತು 9. ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ನೋಡಬೇಕಾದ್ದು ಇಷ್ಟೆ: ಜಾಕೆಟ್ಟಿನ ಒಳಗಿನ ಜೇಬು ಬಿಚ್ಚಿ ಆ ತುಂಡನ್ನು ಹೊರಗೆ ತೆಗೆಯಿರಿ. ಬೈಕಿನಲ್ಲಿ ಕುಳಿತ ಸವಾರನ ಚಿಕ್ಕ ಚಿತ್ರ, 1621ರ ಅಂಕೆ, ಭುಜಕ್ಕೆ ಎಸ್, ಮೊಣಕೈಗೆ ಇ, ಬೆನ್ನಿಗೆ ಬಿ ಎಂಬ ಇಂಗ್ಲಿಷ್ ಅಕ್ಷರ, 1 ಅಥವಾ 2 ಎಂಬ ಲೆವೆಲ್, ಇಷ್ಟು ಆ ತುಂಡಿನ ಮೇಲೆಯೇ ಒತ್ತಿರಬೇಕು. ಕುತ್ತಿಗೆಯಿಂದ ನೇತಾಡುವ ಹೊಳಪು ರಟ್ಟಿನ ಚೀಟಿಯಲ್ಲಿ “ಸಿ.ಇ.” ಎಂದು ಬರೆದಿದ್ದರೆ ಅದಕ್ಕೆ ಮಾರುಹೋಗಬಾರದು. ರಟ್ಟಿನ ಮೇಲೆ ಎರಡು ಅಕ್ಷರ ಹೊಡೆಯಲು ಯಾವ ಅಚ್ಚುಕೂಟವಾದರೂ ಸಾಕು. “ತೆಗೆದು ತೋರಿಸಲಿಕ್ಕೆ ಆಗುದಿಲ್ಲ, ಒಳಗೇ ಹೊಲಿದದ್ದು” ಎಂದು ಅಂಗಡಿಯವರು ಹೇಳಿದರೆ ನಮಸ್ಕಾರ ಹೇಳಿ ಹೊರಡುವುದು ಲೇಸು.

ಇನ್ನೂ ಒಂದು ಅಂಕೆಯುಂಟು, ಇ.ಎನ್. 17092. ಇದು ಇಡೀ ಉಡುಪಿಗೆ 2020ರಲ್ಲಿ ಬಂದದ್ದು. ಎ.ಎ.ಎ., ಎ.ಎ., ಎ. ಎಂದು ಮೂರು ಮುಖ್ಯ ದರ್ಜೆ, ಮೊದಲಿನದು ಎಲ್ಲಕ್ಕಿಂತ ಗಟ್ಟಿ. ಮೂರರಲ್ಲಿ ಒಂದಾದರೂ ಒಳಗಿನ ಚೀಟಿಯಲ್ಲಿ ಹೊಲಿದಿದ್ದರೆ ಬಟ್ಟೆ ಮತ್ತು ಹೊಲಿಗೆಗಳನ್ನೂ ಯಾರೋ ಉಜ್ಜಿ ಎಳೆದು ನೋಡಿದ್ದಾರೆ ಎಂದರ್ಥ. ಬಿ. ಎಂದಿದ್ದರೆ ಅದರಲ್ಲಿ ಆರ್ಮರ್ ಇರಬೇಕೆಂದಿಲ್ಲ. ಇದನ್ನು ತಿಳಿಯದೆ “ಬಿ ದರ್ಜೆ ಅಂದ್ರೆ ಎರಡನೆಯ ನಂಬರ್ ಅಲ್ವಾ” ಎಂದು ಕೊಂಡವರನ್ನು ಬಲ್ಲೆವು.

ಬಟ್ಟೆಯ ವಿಷಯಕ್ಕೆ ಬಂದರೆ, ಗಿರಣಿಯಲ್ಲಿ ದುಡಿದ ನಮ್ಮ ಬಂಧುಗಳೇ ಮೋಸಹೋಗುವ ಒಂದು ಗುಂಡಿಯುಂಟು. ಹತ್ತಿಯ ನೂಲಿನ ಕೌಂಟು ಏರಿದಷ್ಟೂ ನೂಲು ಸಣ್ಣಗಾಗುತ್ತದೆ. ಜಾಕೆಟ್ಟಿನ ಬಟ್ಟೆಗೆ ಹೇಳುವ ಡೆನಿಯರು ಇದಕ್ಕೆ ತಿರುಗುಮುರುಗು. 9,000 ಮೀಟರ್ ನೂಲು 600 ಗ್ರಾಂ ತೂಗಿದರೆ 600 ಡೆನಿಯರು. ಅಂಕೆ ಏರಿದಷ್ಟೂ ನೂಲು ದಪ್ಪ. ಆದರೆ ದಪ್ಪವೆಂಬುದು ಗಟ್ಟಿತನವಲ್ಲ. ಒಂದೇ ದಪ್ಪದಲ್ಲಿ ಸಾಮಾನ್ಯ ಪಾಲಿಯೆಸ್ಟರಿಗಿಂತ ಒಳ್ಳೆಯ ನೈಲಾನು ಉಜ್ಜುವಿಕೆಯನ್ನು ಹೆಚ್ಚು ತಡೆಯುತ್ತದೆ. ಆದ್ದರಿಂದ “600” ಎಂಬ ಅಂಕೆಯೊಂದನ್ನೇ ದೊಡ್ಡದಾಗಿ ಹೊಡೆದು, ಯಾವ ನೂಲೆಂಬುದನ್ನು ಹೇಳದ ಚೀಟಿ ಅರ್ಧ ಸತ್ಯದ ಚೀಟಿ. ಮಂಗಳೂರಿನ ಬಾಸೆಲ್ ಮಿಶನ್ನಿನವರ ನೆಯ್ಗೆ ಕಾರ್ಖಾನೆ 19ನೆಯ ಶತಮಾನದಲ್ಲೇ ಖಾಕಿ ಬಟ್ಟೆಗೆ ಹೆಸರಾಗಿತ್ತು. ಸಿಪಾಯಿಯ ಮೈಮೇಲೆ ಬಾಳಿಕೆ ಬರುವ ಬಟ್ಟೆ ಹೇಗಿರಬೇಕೆಂದು ಈ ಊರಿನ ಮಗ್ಗಗಳಿಗೆ ಅಷ್ಟು ಹಿಂದೆಯೇ ಗೊತ್ತಿತ್ತೆಂದಾಯಿತು. ಕೆಲಸಗಾರನ ಮೈಮೇಲಿನದರ ಬಗ್ಗೆ ಇಂದಿಗೂ ಯಾರಿಗೂ ಚಿಂತೆಯಿಲ್ಲ.

ತೊಗಲಿನ ಜಾಕೆಟ್ಟು ಉಜ್ಜುವಿಕೆಗೆ ಒಳ್ಳೆಯದು ಎಂಬುದು ನಿಜ. ಸಿನಿಮಾದಲ್ಲಿ ನೋಡಲೂ ಚೆನ್ನ. ನಮ್ಮ ಕಡೆ ಜೂನ್ ತಿಂಗಳಿನಲ್ಲಿ ಗೋಡೆಗೆ ತೂಗುಹಾಕಿದರೆ ಜುಲೈಯಲ್ಲಿ ಬೂಷ್ಟು ಹಿಡಿದು ಬೆಳ್ಳಗಾಗಿರುತ್ತದೆ. ಏಪ್ರಿಲಿನ ಸೆಕೆಯಲ್ಲಿ ಹಾಕಿಕೊಂಡವನು ಪಾಣೆಮಂಗಳೂರು ದಾಟುವಷ್ಟರಲ್ಲಿ ಬೆಂದಿರುತ್ತಾನೆ. ಮನೆಯಲ್ಲಿ ತೂಗುತ್ತಿರುವ ಜಾಕೆಟ್ಟು ಎಷ್ಟು ಒಳ್ಳೆಯದಾದರೂ ರಸ್ತೆಯಲ್ಲಿ ಬಿದ್ದವನಿಗೆ ಅದರಿಂದ ಏನು ಬಂತು? ಈ ಕರಾವಳಿಗೆ ತಕ್ಕುದು, ಎದೆಯ ಭಾಗದಲ್ಲಿ ಗಾಳಿ ಹಾಯುವ ಬಲೆಬಟ್ಟೆ, ಭುಜ ಮೊಣಕೈಗಳಲ್ಲಿ ಗಟ್ಟಿ ಬಟ್ಟೆ ಇರುವಂಥದು.

ಮಳೆಯ ಬಗ್ಗೆಯೂ ಒಂದು ಮಾತು. “ವಾಟರ್‌ಪ್ರೂಫ್ ಲೈನಿಂಗ್ ಒಳಗೇ ಉಂಟು” ಎಂದು ಹೇಳಿ ಇನ್ನೂ ಸಾವಿರ ಏರಿಸುತ್ತಾರೆ. ಒಳಗೆ ನೀರು ತಡೆಯುವ ಬಟ್ಟೆಯಿದ್ದರೆ ಮೈ ಒದ್ದೆಯಾಗದಿರಬಹುದು, ಜಾಕೆಟ್ಟಿನ ಹೊರಮೈ ಪೂರ್ತಿ ನೀರು ಕುಡಿದು ಕಲ್ಲಿನಂತಾಗುತ್ತದೆ. ಆಷಾಢದಲ್ಲಿ ಒಂದು ಕರವಸ್ತ್ರ ಒಣಗಲು ಎರಡು ದಿನ ಬೇಕು. ಇದು ಮರುದಿನ ಬೆಳಿಗ್ಗೆ ಐದಕ್ಕೆ ಒಣಗಿರುತ್ತದೆಯೇ? ಲಡಾಕಿಗೆ ಅದು ಸರಿ. ಇಲ್ಲಿ ಜಾಕೆಟ್ಟಿನ ಮೇಲೆ ಬೇರೆಯೇ ರೈನ್‌ಕೋಟು ಬೇಕು, ಸಡಿಲವಾದದ್ದು, ಹಳದಿಯೋ ಕಿತ್ತಳೆಯೋ ಬಣ್ಣದ್ದು. ನಮ್ಮ ಹಿರಿಯರು ಗದ್ದೆಗೆ ಗರಿಯ ಗೊರಬು ಹೊತ್ತು ಇಳಿದದ್ದೂ ಮಳೆಯನ್ನು ಹೊರಗೇ ನಿಲ್ಲಿಸುವುದಕ್ಕಲ್ಲವೆ? ಕೊಳ್ಳುವಾಗ ಅದನ್ನು ಒಳಹೊರಗು ತಿರುವಿ, ಹೊಲಿಗೆಗಳ ಮೇಲೆ ಟೇಪು ಒತ್ತಿದೆಯೇ ನೋಡಬೇಕು. ಬಟ್ಟೆಯ ಮೇಲೆ ಎರಡು ಹನಿ ನೀರು ಚಿಮುಕಿಸಿ “ನೋಡಿ, ಉರುಳ್ತದೆ” ಎಂದು ತೋರಿಸುವುದು ಜಾದೂಗಾರಿಕೆ. ನೀರು ಬರುವುದು ಸೂಜಿಯ ತೂತಿನಿಂದ.

ಇಷ್ಟೆಲ್ಲ ಸರಿಯಿದ್ದೂ ಅಳತೆ ತಪ್ಪಿದರೆ ಕೊಟ್ಟ ದುಡ್ಡು ಹೊಳೆಗೆ. ನಿಂತುಕೊಂಡು ಕನ್ನಡಿ ನೋಡುವುದು ಮದುವೆಯ ಕೋಟಿಗೆ. ಇದನ್ನು ಹಾಕಿ ಸ್ಟೂಲಿನ ಮೇಲೆ ಕುಳಿತು, ಹ್ಯಾಂಡಲು ಹಿಡಿದಂತೆ ಕೈ ಚಾಚಬೇಕು. ಆಗ ಆರ್ಮರ್ ಮೊಣಕೈಯ ಮೂಳೆಯ ಮೇಲೆಯೇ ಇರಬೇಕು. ಜೊತೆಗಿದ್ದವರು ಅದನ್ನು ಹಿಡಿದು ಪಕ್ಕಕ್ಕೆ ತಿರುಗಿಸಿ ನೋಡಲಿ. ಸುಲಭವಾಗಿ ತಿರುಗಿದರೆ, ಬಿದ್ದಾಗಲೂ ತಿರುಗುತ್ತದೆ. ನಮ್ಮದು ತಿರುಗಿದ್ದು ಹಾಗೆಯೇ. ತೋಳಿಗೆ ಬಿಗಿಯುವ ಪಟ್ಟಿ ಇರಬೇಕಾದ್ದು ಇದಕ್ಕಾಗಿ, ಅಂದಕ್ಕಲ್ಲ.

ಇಲ್ಲಿ ನಮ್ಮ ಸಹೋದರಿಯರಿಗೆ ಆಗುವ ಅನ್ಯಾಯ ಇಮ್ಮಡಿ. ಗೇರುಬೀಜದ ಕಾರ್ಖಾನೆಗಳಲ್ಲಿ ಕೈಯಾಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಸ್ಕೂಟರಿನಲ್ಲಿ ಬರುವವರ ಸಂಖ್ಯೆ ಏರುತ್ತಲೇ ಇದೆ. ಅಂಗಡಿಯಲ್ಲಿ ತೂಗಿಸಿದ ಜಾಕೆಟ್ಟುಗಳಾದರೋ ಗಂಡಸರ ಅಳತೆಗೇ. ಕೇಳಿದರೆ ಉತ್ತರ: “ಲೇಡೀಸ್ ಸೈಜ್ ಬರುದಿಲ್ಲ ಅಕ್ಕಾ, ಇದೇ ಸ್ವಲ್ಪ ಲೂಸ್ ಹಾಕಿ.” ಲೂಸ್ ಹಾಕಿದರೆ ಆರ್ಮರ್ ಮೊಣಕೈಯಲ್ಲಿ ಇರುವುದಿಲ್ಲ, ಮುಂಗೈಯಲ್ಲಿರುತ್ತದೆ. ದೇಶದಲ್ಲಿ ಹೆಂಗಸರ ಅಳತೆಯ ಜಾಕೆಟ್ಟನ್ನು ಮಾಡುವವರಿದ್ದಾರೆ. ಸಗಟಿನವರಿಗೆ ಹೇಳಿ ತರಿಸುವವರಿಲ್ಲ.

ಈಗ ಕ್ರಯದ ಮಾತು. ಪರೀಕ್ಷೆ ದಾಟಿದ ಆರ್ಮರ್ ಇರುವ ಜಾಕೆಟ್ಟು ಸಾವಿರದೆಂಟುನೂರಕ್ಕೆ ಸಿಗುವುದಿಲ್ಲ. ಐದಾರು ಸಾವಿರ, ಅದಕ್ಕೂ ಮೇಲೆ. ಇಲ್ಲಿ ಸರ್ಕಾರ ಮಾಡಿದ ಚಮತ್ಕಾರವನ್ನು ಓದುಗರು ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ನೂರಕ್ಕೆ 5 ಜಿ.ಎಸ್.ಟಿ.; ಅದನ್ನು ದಾಟಿದರೆ ನೂರಕ್ಕೆ 18. ಮೊದಲು ಸಾವಿರ ದಾಟಿದ್ದಕ್ಕೆ 12 ಇತ್ತು. ಅಂದರೆ 2,500ರ ಸ್ಪಂಜಿನ ಜಾಕೆಟ್ಟಿಗೆ ತೆರಿಗೆ 125 ರೂಪಾಯಿ. 6,000ದ ನಿಜವಾದ ಜಾಕೆಟ್ಟಿಗೆ 1,080 ರೂಪಾಯಿ, ಮೊದಲಿಗಿಂತ 360 ಹೆಚ್ಚು. ರೇಷ್ಮೆ ಶೆರ್ವಾನಿಯನ್ನೂ ಕೆಲಸಗಾರನ ಮೂಳೆ ಕಾಯುವ ಜಾಕೆಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡೂ ಭೋಗವಸ್ತು ಎಂದು ತೀರ್ಮಾನಿಸಿದ್ದಾರೆ! ಅದೇ ದಿನ 350 ಸಿ.ಸಿ.ವರೆಗಿನ ಬೈಕುಗಳ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಿದರು. ಬೈಕು ಅಗ್ಗವಾಯಿತು, ಬೈಕಿನಿಂದ ಬಿದ್ದವನನ್ನು ಕಾಯುವುದು ತುಟ್ಟಿಯಾಯಿತು. ಬಿ.ಸಿ. ರೋಡಿನ ಆ ಗೃಹಸ್ಥರ ನಗುವಿನಲ್ಲಿದ್ದ ಬುದ್ಧಿಯೇ ದಿಲ್ಲಿಯ ಕಡತದಲ್ಲಿಯೂ ಇರುವುದನ್ನು ಕಂಡು ನಮಗೆ ಆಶ್ಚರ್ಯವೇನೂ ಆಗಲಿಲ್ಲ.

ಕಾರ್ಖಾನೆಯ ಧಣಿಗಳಿಗೂ ಒಂದು ಪ್ರಶ್ನೆ. ಗೇಟಿನ ಒಳಗೆ ಕೈಗವಸು ಕೊಡುತ್ತೀರಿ, ಕೆಲವು ಕಡೆ ಬೂಟು ಕೊಡುತ್ತೀರಿ. ಗೇಟಿನ ಹೊರಗಿನ ಇಪ್ಪತ್ತೈದು ಕಿಲೋಮೀಟರ್ ಯಾರದ್ದು? “ಅದು ನಿಮ್ಮ ಸ್ವಂತ ವಿಷಯ” ಎಂಬ ಹಳೆಯ ಉತ್ತರ ಈಗ ನಡೆಯುವುದಿಲ್ಲ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವನ್ನು, ಕೆಲಸಕ್ಕೂ ಆ ಪ್ರಯಾಣಕ್ಕೂ ಸಂಬಂಧ ಸ್ಥಿರಪಟ್ಟರೆ, ಕೆಲಸದಿಂದಲೇ ಆದದ್ದೆಂದು ಎಣಿಸಬೇಕೆಂದು 2010ರಲ್ಲಿಯೇ ಇ.ಎಸ್.ಐ. ಕಾಯ್ದೆಗೆ 51-ಇ ಎಂಬ ಕಲಮನ್ನು ಸೇರಿಸಿದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಆ ತತ್ವವನ್ನು ಉಳಿಸಿಕೊಂಡಿದೆ. ದಾರಿ ಕೆಲಸದ ಭಾಗವೆಂದ ಮೇಲೆ ದಾರಿಯಲ್ಲಿ ತೊಡುವ ಜಾಕೆಟ್ಟು ಕೆಲಸದ ಸಲಕರಣೆ. ಪುಕ್ಕಟೆ ಕೊಡಿ ಎಂದು ಈಗಲೇ ಕೇಳುತ್ತಿಲ್ಲ. ಬಡ್ಡಿಯಿಲ್ಲದ ಮುಂಗಡ ಕೊಟ್ಟು, ಹತ್ತು ಕಂತಿನಲ್ಲಿ ಮುರಿದುಕೊಳ್ಳಿ ಎಂದು ಕೇಳುತ್ತೇವೆ. ಇಪ್ಪತ್ತು ಮೂವತ್ತು ಮಂದಿ ಒಟ್ಟಿಗೆ ಮಾಡುವವರಿಂದಲೇ ನೇರ ತರಿಸಿದರೆ ಕ್ರಯವನ್ನು ಚೌಕಾಶಿ ಮಾಡುವ ಬಲವೂ ಬರುತ್ತದೆ, ಹೆಂಗಸರ ಅಳತೆಯೂ ಬರುತ್ತದೆ.

ನಮ್ಮ ಓದುಗರಲ್ಲಿ ಅರ್ಧಕ್ಕರ್ಧ ಸಣ್ಣ ವ್ಯಾಪಾರಿಗಳು. ಇಷ್ಟು ಓದುವಾಗ ಅವರಿಗೆ ಸಿಟ್ಟು ಬಂದಿರಬಹುದು. ಬಂಧುಗಳೇ, ನಿಮ್ಮ ಕಷ್ಟ ನಮಗೆ ಗೊತ್ತು. ಪೇಟೆಯ ಸಗಟಿನವನು ಕಟ್ಟು ಕಟ್ಟಿ ಕಳುಹಿಸುತ್ತಾನೆ, ಅರ್ಧಕ್ಕೆ ಬಿಲ್ಲಿಲ್ಲ, ಒಳಗಿರುವುದು ಸ್ಪಂಜೋ ರಬ್ಬರೋ ನಿಮಗೂ ತಿಳಿಯದು. ನಿಮ್ಮನ್ನು ಮೊದಲು ಮೋಸಮಾಡಿ, ನಿಮ್ಮ ಕೈಯಿಂದ ನಮ್ಮನ್ನು ಮೋಸಮಾಡಿಸುತ್ತಾನೆ. ಬಿಲ್ಲು ಕೊಡದ ಮಾಲನ್ನು ಹಿಂದಕ್ಕೆ ಕಳುಹಿಸಿ. ಆದರೆ ಗೊತ್ತಿದ್ದೂ ಸ್ಪಂಜಿಗೆ ಆರ್ಮರ್ ಎಂದು ಹೇಳಿ ಮಾರುವವರು ಈ ಪತ್ರಿಕೆಗೆ ಚಂದಾ ಕೊಟ್ಟವರೇ ಆಗಿದ್ದರೂ ಅವರ ಪರವಾಗಿ ನಾವು ಮಾತಾಡಲಾರೆವು. ಕೊಂಡವರು ಬಿಲ್ಲನ್ನು ಜೋಪಾನವಾಗಿಟ್ಟುಕೊಳ್ಳಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಕ್ರಯ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 1915ಕ್ಕೆ ಫೋನು ಮಾಡಿದರೂ ದೂರು ಬರೆದುಕೊಳ್ಳುತ್ತಾರೆ.

ಅಷ್ಟು ದುಡ್ಡು ಇವತ್ತು ಕೈಯಲ್ಲಿಲ್ಲದವರು ಏನು ಮಾಡಬೇಕು? ಅಗ್ಗದ ಜಾಕೆಟ್ಟು ಮಾತ್ರ ಬೇಡ. ಪರೀಕ್ಷೆಯ ಅಂಕೆ ಒತ್ತಿದ ಮೊಣಕೈ ಮತ್ತು ಮಂಡಿಯ ಗಾರ್ಡುಗಳು ಬಿಡಿಯಾಗಿ ಸಿಗುತ್ತವೆ; ಅಂಗಿಯ ಮೇಲೆ ಕಟ್ಟಿ, ಮೇಲೆ ರೈನ್‌ಕೋಟು ಹಾಕಬಹುದು. ನೋಡಲು ಯಕ್ಷಗಾನದ ವೇಷದಂತೆ ಕಾಣುತ್ತದೆ, ಕಾಣಲಿ. ಇನ್ನೊಂದು ದಾರಿ ಸೆಕೆಂಡ್‌ಹ್ಯಾಂಡ್. ಒಮ್ಮೆ ಲಡಾಕಿಗೆ ಹೋಗಿಬಂದವರು ಮರುವರ್ಷ ಆ ಜಾಕೆಟ್ಟನ್ನು ಅರ್ಧಕ್ಕೆ ಮಾರುವುದುಂಟು. ಬಿದ್ದ ಗುರುತಿಲ್ಲದಿದ್ದರೆ, ಹೊಲಿಗೆ ಹಲ್ಲು ಕಿರಿಯದಿದ್ದರೆ, ಆರ್ಮರ್ ಒಣಗಿ ಬಿರುಕು ಬಿಡದಿದ್ದರೆ ಸಂಕೋಚವಿಲ್ಲದೆ ಕೊಳ್ಳಿ. ಆ ಗೃಹಸ್ಥರದ್ದೇ ಸಿಕ್ಕಿದರೆ ಇನ್ನೂ ಸಂತೋಷ.

ಈ ಲೇಖನದ ಕರಡನ್ನು ನೋಡಿದ ನಮ್ಮ ಸಂಗಾತಿಯೊಬ್ಬರು, “ಕೂಲಿಯ ಹೋರಾಟ ಬಿಟ್ಟು ಅಂಗಡಿಯ ಮಾತು ಯಾಕೆ?” ಎಂದು ಕೇಳಿದರು. ದಿನಕ್ಕೆ ಐವತ್ತು ರೂಪಾಯಿ ಕೂಲಿ ಏರಿಸಿಕೊಳ್ಳಲು ನಾವು ಎರಡು ವರ್ಷ ಗೇಟಿನ ಮುಂದೆ ಕೂಗುತ್ತೇವೆ. ಒಂದು ತಿರುವಿನಲ್ಲಿ ಬಿದ್ದು ನಾಲ್ಕು ತಿಂಗಳು ಮಲಗಿದರೆ ಏರಿಸಿಕೊಂಡದ್ದೆಲ್ಲ ಆಸ್ಪತ್ರೆಯ ಬಿಲ್ಲಿಗೆ ಹೋಗುತ್ತದೆ. ಇದೂ ಕೂಲಿಯ ಮಾತೇ. ಸಂಗಾತಿ ಒಪ್ಪಿದರೋ ಇಲ್ಲವೋ, ಅವರ ಜಾಕೆಟ್ಟಿನ ಭುಜದ ಹೊಲಿಗೆಯನ್ನು ಎಳೆದು ನೋಡುತ್ತಿದ್ದುದನ್ನು ನಾವು ಕಂಡೆವು.

ಆ ಸಹೋದರಿಯನ್ನು ಹದಿನೈದು ದಿನದ ಮೇಲೆ ಕಾರ್ಖಾನೆಯ ಗೇಟಿನಲ್ಲಿ ಕಂಡು ಮಾತಾಡಿಸಿದೆವು. ಗಂಡಸರ ಸಣ್ಣ ಅಳತೆಯ ಜಾಕೆಟ್ಟೊಂದನ್ನು ಆಕೆ ಬೇರೆ ಅಂಗಡಿಯಲ್ಲಿ ಹೊಲಿಗೆ, ಆರ್ಮರ್ ನೋಡಿಯೇ ಸಾಲ ಮಾಡಿ ಕೊಂಡಿದ್ದರು. ತೋಳು ಮಾತ್ರ ಸಡಿಲ. ಮೂಡಬಿದಿರೆಯ ದರ್ಜಿ ಮುಖ್ಯ ಹೊಲಿಗೆಗಳನ್ನು ಮುಟ್ಟದೆ ಮೊಣಕೈಯ ಮೇಲೆ ಕೆಳಗೆ ಎರಡು ಪಟ್ಟಿ ಹೊಲಿದುಕೊಟ್ಟರು. ಈಗ ಆರ್ಮರ್ ಮೂಳೆಯ ಮೇಲೆ ನಿಲ್ಲುತ್ತದೆ. ಮಜೂರಿ ಎಂಬತ್ತು ರೂಪಾಯಿ ತೆಗೆದುಕೊಂಡರು. “ಲಡಾಕಿಗೆ ಯಾವಾಗ ಹೋಗುದು?” ಎಂದು ಕೇಳಿದೆವು. “ನಾಳೆ ಬೆಳಿಗ್ಗೆ ಆರೂವರೆಗೆ ಮಾಸ್ಟ್ರೇ,” ಎಂದರು.

ಬರುವ ಆದಿತ್ಯವಾರ ಬೆಳಿಗ್ಗೆ 10 ಗಂಟೆಗೆ ಆ ದರ್ಜಿಯ ಜಗಲಿಯಲ್ಲಿ ನಾವಿರುತ್ತೇವೆ. ನಮ್ಮ ಹರಿದ ಜಾಕೆಟ್ಟನ್ನೂ, ಅದರ ಸ್ಪಂಜನ್ನೂ, ಒಂದು ನಿಜವಾದ ಆರ್ಮರನ್ನೂ ಪಕ್ಕಪಕ್ಕದಲ್ಲಿ ಇಟ್ಟಿರುತ್ತೇವೆ. ನಿಮ್ಮಲ್ಲಿರುವ ಜಾಕೆಟ್ಟನ್ನೂ ತನ್ನಿ. ಮುಂಗಡದ ಅರ್ಜಿಗೆ ರುಜು ಹಾಕುವವರು ಕಾರ್ಖಾನೆಯ ಹೆಸರನ್ನೂ ಟೋಕನ್ ನಂಬರನ್ನೂ ಬರೆದು ತರತಕ್ಕದ್ದು.